ಬಿಸಿಲಿಗೆ ಹಾಕಿದ ರೀಲು

ಜಮಖಂಡಿಯ ಬಸ್ ಸ್ಟ್ಯಾಂಡಿನ ಆಚೆ ಸಂಜೆಯಾದರೆ ಗೋಬಿ ಮಂಚೂರಿಯ ಗಾಡಿಯೊಂದು ಬಂದು ನಿಲ್ಲುತ್ತದೆ. ಗಾಡಿಯವನು ಬಾಣಲೆ ಕಾಯಿಸಿ, ಗೋಬಿ ಸುರಿದು, ಬಾಟಲಿಯಿಂದ ಒಂದಿಷ್ಟು ವಿನೆಗರ್ ಚಿಮುಕಿಸುತ್ತಾನೆ. ಆ ಹುಳಿ ಹೊಗೆ ಎದ್ದರೆ ಸುತ್ತ ನಿಂತವರ ಬಾಯಲ್ಲಿ ನೀರೂರುತ್ತದೆ. ನನಗೆ ಮಾತ್ರ ನಮ್ಮ ಇಂದೂ ಆತ್ಯಾ ಸೈಕಲ್ ಹೊಡೆದದ್ದು ನೆನಪಾಗುತ್ತದೆ. ಮಲ್ಲಿಗೆಯ ವಾಸನೆಗೋ ಮೊದಲ ಮಳೆಯ ಮಣ್ಣಿನ ವಾಸನೆಗೋ ಹಳೆಯದೆಲ್ಲ ನೆನಪಾಗಿ ಕಣ್ಣು ಒದ್ದೆ ಮಾಡಿಕೊಳ್ಳುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ವಿನೆಗರ್ ವಾಸನೆಗೆ ಕಣ್ಣು ಒದ್ದೆ ಮಾಡಿಕೊಳ್ಳುವವಳು ಈ ತಾಲೂಕಿನಲ್ಲಿ ಬಹುಶಃ ನಾನೊಬ್ಬಳೇ. ಗಾಡಿಯವನು ಖಾರ ಹೆಚ್ಚಾಯಿತೆಂದು ತಿಳಿದು ನನಗೆ ನೀರು ಕೊಡುತ್ತಾನೆ.

ಇಂದೂ ಆತ್ಯಾ ನನ್ನ ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಮದುವೆಯಾದ ಐದಾರು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಗಲಗಲಿಯ ತವರಿಗೆ ಬಂದವಳು, ಅಲ್ಲಿಯೇ ನಿಂತು ಹೊಲ, ದನ, ಮನೆ ಎಲ್ಲ ನೋಡಿಕೊಂಡಳು. ಅಪ್ಪ ಜಮಖಂಡಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ. ಬೇಸಿಗೆ ರಜೆ ಬಂತೆಂದರೆ ನಾವೆಲ್ಲ ಗಲಗಲಿಗೆ. ಕೃಷ್ಣೆ ಇಳಿದು ಉಸುಕು ಬಿದ್ದ ಜಾಗದಲ್ಲಿ ಆಗ ಕಲ್ಲಂಗಡಿ ಹಾಕುತ್ತಿದ್ದರು. ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹಣ್ಣು ಹೋಳು ಮಾಡಿ ಹಂಚುತ್ತ ಆತ್ಯಾ ಪ್ರತಿ ವರ್ಷ ಅದೇ ಕಥೆ ಹೇಳುತ್ತಿದ್ದಳು.

ಕಥೆ ಇಷ್ಟೇ. ಆತ್ಯಾಗೆ ಆಗ ಹದಿನೇಳು. ಅವಳ ಸೋದರಮಾವ, ಸಾಂಗ್ಲಿಯ ನಾನಾ ಮಾಮಾ, ಕೀಲಿ ಕೊಟ್ಟು ತಿರುಗಿಸುವ ಸಿನಿಮಾ ಕ್ಯಾಮೆರಾ ತೆಗೆದುಕೊಂಡು ಬಂದಿದ್ದ. ಅಜ್ಜ ಯಾವುದೋ ಕೆಲಸಕ್ಕೆಂದು ಬೀಳಗಿಗೆ ಹೋದ ದಿನ, ಆತ್ಯಾ ಅಜ್ಜನ ಸೈಕಲ್ ಹೊರಗೆ ತೆಗೆದು, ಸೀರೆ ಎತ್ತಿ ಕಟ್ಟಿ, ಹೊಳೆ ದಂಡೆಯ ದಾರಿಯಲ್ಲಿ ಬೇವಿನ ಮರದವರೆಗೆ ಒಬ್ಬಳೇ ಹೊಡೆದಳು. ನಾನಾ ಮಾಮಾ ಅದನ್ನು ಸಿನಿಮಾ ತೆಗೆದ.

“ಸುಳ್ಳು,” ಎನ್ನುತ್ತಿದ್ದ ಅಪ್ಪ, ಹಣ್ಣಿನ ಬೀಜ ಉಗುಳುತ್ತ. “ದಸರಾಕ್ಕ ಸೈಕಲ್ಲಿಗೆ ಕುಂಕುಮಾ ಹಚ್ಚೀದಿ, ಅಷ್ಟ. ಹತ್ತಿಲ್ಲ.”

“ರೀಲ್ ಐತಲ್ಲಣ್ಣಾ ಮನ್ಯಾಗ. ಹಾಕಿ ನೋಡು.”

“ಹಾಕಾಕ ಮಷೀನ್ ಬೇಕಲ್ಲ?”

ರೀಲು ಇದ್ದದ್ದು ಖರೆ. ಮುಂಬೈಯ ಲ್ಯಾಬಿನಲ್ಲಿ ತೊಳೆಸಿದ ಮೇಲೆ ಮಾಮಾ ಅದನ್ನೊಂದು ಚಪ್ಪಟೆ ತಗಡಿನ ಡಬ್ಬಿಯಲ್ಲಿ ಹಾಕಿ ಕಳಿಸಿದ್ದನಂತೆ. ಪ್ರೊಜೆಕ್ಟರ್ ತಾನೇ ತರುವುದಾಗಿ ಹೇಳಿದ್ದ ಮಾಮಾ ಮತ್ತೆ ಬರುವ ಮೊದಲೇ ತೀರಿಕೊಂಡ. ಜಮಖಂಡಿಯ ಒಂದು ಶಾಲೆಯಲ್ಲಿ ಅಂಥ ಪ್ರೊಜೆಕ್ಟರ್ ಇತ್ತು. ಆತ್ಯಾ ಕೇಳಿದಾಗಲೆಲ್ಲ ಅಪ್ಪ ಒಮ್ಮೆ ಅದರ ಬಲ್ಬು ಸುಟ್ಟಿದೆ ಎನ್ನುತ್ತಿದ್ದ, ಇನ್ನೊಮ್ಮೆ ಮಾಸ್ತರರು ರಜೆ ಮೇಲಿದ್ದಾರೆ ಎನ್ನುತ್ತಿದ್ದ. ಆ ಮಾಸ್ತರರಿಗೆ ಇಷ್ಟೊಂದು ರಜೆ ಯಾರು ಕೊಡುತ್ತಾರೆ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಆದರೆ ನಾನು ಅಪ್ಪನ ಪಾರ್ಟಿ. ಆತ್ಯಾ ಕಥೆ ಶುರು ಮಾಡಿದರೆ ಬಾಯಿಂದ ಟ್ರಿಣ್ ಟ್ರಿಣ್ ಎಂದು ಗಂಟೆ ಬಾರಿಸಿ ಎಲ್ಲರನ್ನೂ ನಗಿಸುತ್ತಿದ್ದವಳು ನಾನೇ. ಆತ್ಯಾ ನಗುತ್ತಲೇ ನನ್ನ ತಲೆಗೊಂದು ಮೊಟಕುತ್ತಿದ್ದಳು. ಆ ನಗುವಿನ ಕೆಳಗೆ ಬೇಸರವಿತ್ತೋ ಏನೋ, ನಾನು ನೋಡಲು ಹೋಗಲಿಲ್ಲ.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಎರಡು ಮೂರು ವರ್ಷವಾಗಿತ್ತು. ಆಣೆಕಟ್ಟಿನ ಹಿನ್ನೀರು ಏರುತ್ತ ಬಂದು ಹೊಳೆ ದಂಡೆಯ ನಮ್ಮ ಓಣಿ ಖಾಲಿಯಾಯಿತು. ಆತ್ಯಾ ಜಮಖಂಡಿಗೆ ನಮ್ಮ ಮನೆಗೆ ಬಂದಳು. ಬರುವಾಗ ಟ್ರ್ಯಾಕ್ಟರಿನಲ್ಲಿ ತಾಮ್ರದ ಹಂಡೆ, ಕೌದಿಗಳು, ಕಿತ್ತು ತೆಗೆದ ತಲಬಾಗಿಲ ಚೌಕಟ್ಟು, ಮಡಿಲಲ್ಲಿ ಆ ತಗಡಿನ ಡಬ್ಬಿ. ಸೈಕಲ್ ಎಂದೋ ಗುಜರಿಗೆ ಹೋಗಿತ್ತು. ದಾರಿ ನೀರಿನಡಿ ಹೋಯಿತು, ಬೇವಿನ ಮರವೂ ಹೋಯಿತು. ಅವಳ ಮಾತಿಗೆ ಉಳಿದ ಸಾಕ್ಷಿ ಎಂದರೆ ಆ ಡಬ್ಬಿಯೊಂದೇ.

ಈಗ ನಮ್ಮ ಮನೆಯ ಒಂದು ರೋಗದ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಏನೇ ಕೆಟ್ಟರೂ ಬಿಸಿಲಿಗೆ ಹಾಕುತ್ತಾರೆ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಸರಿ, ಎಲ್ಲರೂ ಹಾಕುತ್ತಾರೆ. ನಮ್ಮಲ್ಲಿ ನೆಗಡಿ ಬಂದ ನನ್ನ ಮಗಳನ್ನು ಹಾಕಿದ್ದಾರೆ, ಮಳೆಗೆ ತೊಯ್ದ ನನ್ನ ಬೀಎಸ್ಸಿ ಸರ್ಟಿಫಿಕೇಟು ಹಾಕಿದ್ದಾರೆ, ಗೊರಗೊರ ಎನ್ನುತ್ತಿದ್ದ ರೇಡಿಯೋವನ್ನೂ ಒಮ್ಮೆ ಮಾಳಿಗೆ ಮೇಲೆ ಇಟ್ಟಿದ್ದರು. ಆಶ್ಚರ್ಯವೆಂದರೆ ರೇಡಿಯೋ ಸರಿಯಾಯಿತು. ಅಲ್ಲಿಂದ ಆತ್ಯಾಗೆ ಬಿಸಿಲಿನ ಮೇಲಿದ್ದ ನಂಬಿಕೆ ಇನ್ನೂ ಗಟ್ಟಿಯಾಯಿತು.

ಆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಾಬೂದಾಣಿ ಸಂಡಿಗೆ ಹಾಕುತ್ತಿದ್ದ ದಿನ, ಆತ್ಯಾ ಡಬ್ಬಿಯನ್ನು ತೆಗೆದುಕೊಂಡು ಬಂದು ಮುಚ್ಚಳ ತೆರೆದಳು. ಘಂ ಎಂದು ಹುಳಿ ವಾಸನೆ.

“ಶೈಲಾ, ಇದೇನ ಬೇ ಇದು? ಲಿಂಬಿ ಉಪ್ಪಿನಕಾಯಿ ಕೆಟ್ಟಂಗ ನಾರಾಕತ್ತೈತಿ. ನೀ ಸಾಯನ್ಸ್ ಕಲಸಾಕಿ, ನೋಡ ಸ್ವಲ್ಪ.”

ನಾನು ಬನಹಟ್ಟಿಯ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಮಗ್ಗಗಳ ಖಟಖಟ ಸದ್ದಿನ ಮೇಲೆ ದನಿ ಏರಿಸಿ ಆಮ್ಲ, ಪ್ರತ್ಯಾಮ್ಲ ಎಂದು ಕೂಗಿ ಬರುವವಳು. ಅಸಿಟಿಕ್ ಆಮ್ಲದ ಪಾಠವನ್ನು ವರ್ಷಕ್ಕೆ ಮೂರು ಕ್ಲಾಸಿಗೆ ಮಾಡುತ್ತಿದ್ದೆ. ಅದರ ವಾಸನೆಯನ್ನು ಹೇಗೆ ಗುರುತಿಸಬೇಕೆಂದು ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಅಂಥ ನಾನು ಆ ಡಬ್ಬಿಯನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ಗಂಭೀರವಾಗಿ ಮೂಸಿ, ತೀರ್ಪು ಕೊಟ್ಟೆ.

“ಥಂಡಿ ಹಿಡದೈತಿ ಆತ್ಯಾ. ಬಿಸಲಿಗೆ ಹಾಕು, ಕ್ರಿಮಿ ಏನರ ಇದ್ರ ಸಾಯ್ತಾವ.”

ವಿಜ್ಞಾನವೂ ಒಪ್ಪಿಗೆ ಕೊಟ್ಟ ಮೇಲೆ ಕೇಳಬೇಕೆ? ಆತ್ಯಾ ರೀಲನ್ನು ಐದಾರು ಮಾರು ಬಿಚ್ಚಿ, ಹಸಿ ಅರಿವೆಯಿಂದ ಒರೆಸಿ, ಮೆಣಸಿನಕಾಯಿ ಮಾಲೆಯ ಪಕ್ಕಕ್ಕೆ ಹಗ್ಗದ ಮೇಲೆ ಹಾಕಿ, ಗಾಳಿಗೆ ಹಾರದಂತೆ ಬಟ್ಟೆಯ ಚಿಮಟ ಸಿಗಿಸಿದಳು. ಉಳಿದ ಸುರುಳಿ ಸಂಡಿಗೆಯ ಸೀರೆಯ ತುದಿಯಲ್ಲಿ ಕೂತಿತು. ಎರಡು ದಿನದ ಮೇ ತಿಂಗಳ ಬಿಸಿಲು. ಬಿಚ್ಚಿದ ಭಾಗ ಹಪ್ಪಳದ ಅಂಚಿನ ಹಾಗೆ ಮುರುಟಿತು. ಅದನ್ನು ಹಾಗೇ ಸುತ್ತಿ, ರೇಷ್ಮೆ ಸೀರೆಗೆ ಇಡುವ ಹಾಗೆ ಬೇವಿನ ಎಲೆ, ಕರ್ಪೂರ ಇಟ್ಟು ಮುಚ್ಚಳ ಗಟ್ಟಿಯಾಗಿ ಒತ್ತಿದಳು. ವಾಸನೆ ಕಡಿಮೆಯಾಗಿದೆ ಎಂದು ನಾವಿಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡೆವು.

ಹತ್ತು ಹನ್ನೆರಡು ವರ್ಷ ಆ ಡಬ್ಬಿ ಟ್ರಂಕಿನಲ್ಲಿ ಕೂತಿತ್ತು. ಒಂದು ದೀಪಾವಳಿಗೆ ನನ್ನ ಹಳೆಯ ವಿದ್ಯಾರ್ಥಿ ಶಿವಾನಂದ ಮಾತಾಡಿಸಿ ಹೋಗಲು ಬಂದ. ರಬಕವಿಯ ನೇಕಾರರ ಮನೆಯವನು. ಈಗ ಪುಣೆಯಲ್ಲಿ ಹಳೆಯ ಸಿನಿಮಾ ರೀಲುಗಳನ್ನು ಕಂಪ್ಯೂಟರಿಗೆ ಇಳಿಸುವ ಒಂದು ಕಡೆ ಕೆಲಸ ಮಾಡುತ್ತಾನೆ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಆತ್ಯಾ ಚಕ್ಕಲಿ ತಾಟನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಡಬ್ಬಿ ತಂದಳು.

ಶಿವಾನಂದ ಮುಚ್ಚಳ ತೆರೆದವನು ಮುಖ ಹಿಂದಕ್ಕೆ ತೆಗೆದ. ಆಮೇಲೆ ಡಬ್ಬಿಯನ್ನು ದೂರ ಹಿಡಿದು, ಕೈಯಿಂದ ಗಾಳಿಯನ್ನು ಮೂಗಿನ ಕಡೆಗೆ ಮೆಲ್ಲಗೆ ಬೀಸಿಕೊಂಡ. ಹಾಗೆ ಮೂಸಬೇಕೆಂದು ಕಲಿಸಿದವಳು ನಾನೇ.

“ಅಕ್ಕೋರ, ಅಸಿಟಿಕ್ ಆಸಿಡ್ ಅಲ್ಲೇನ್ರಿ ಇದು? ನೀವ ಕಲಸಿದ್ರಿ. ನಾ ಮೂಗ ಹಚ್ಚಿ ಮೂಸಿದ್ದಕ್ಕ ಬೆಂಚಿನ ಮ್ಯಾಲ ನಿಂದರಸಿದ್ರಿ.”

ಆ ಹೊತ್ತಿಗೆ ನನ್ನನ್ನೇ ಯಾರಾದರೂ ಬೆಂಚಿನ ಮೇಲೆ ನಿಲ್ಲಿಸಬೇಕಿತ್ತು. ಅವನು ಬಿಡಿಸಿ ಹೇಳಿದ. ಇಂಥ ಹಳೆಯ ಫಿಲ್ಮಿನ ಮೈಯೇ ಕೊಳೆಯುತ್ತ ವಿನೆಗರ್ ಬಿಡುತ್ತದೆ, ಆ ವಿನೆಗರ್ ಮತ್ತೆ ಫಿಲ್ಮನ್ನು ಇನ್ನಷ್ಟು ಕೊಳೆಸುತ್ತದೆ. ಇದಕ್ಕೆ ಬೇಕಾದದ್ದು ತಂಪು, ಒಣ ಗಾಳಿ. ಕಾವು ತಾಕಿದರೆ ಮುಗಿಯಿತು.

“ಅಂದ್ರ ನಾ ಬಿಸಲಿಗೆ ಹಾಕಿದ್ದು?” ಆತ್ಯಾ ಕೇಳಿದಳು.

ಶಿವಾನಂದ ನನ್ನ ಮುಖ ನೋಡಿದ. ನಾನು ಚಕ್ಕಲಿ ನೋಡಿದೆ.

“ಹಾಕದಿದ್ರ ಛಲೋ ಇತ್ತ್ರಿ ಅಜ್ಜಿ. ಆದ್ರೂ ಒಳಗಿನ ಸುರುಳಿ ಅಷ್ಟ ಕೆಟ್ಟಿಲ್ಲ. ಹೊರಗಿನ ಐದಾರ ಮಾರ ಅಷ್ಟ...” ಎನ್ನುತ್ತ ಅವನು ರೀಲಿನ ತುದಿಯನ್ನು ಬೆಳಕಿಗೆ ಹಿಡಿದ. “ಫಿಲ್ಮಿನ ಕಡೀ ಭಾಗ ಹೊರಗ ಬಂದೈತಿ.”

ಆತ್ಯಾ ನೆಲಕ್ಕೆ ಕೂತುಬಿಟ್ಟಳು. “ಕಡೀಕ ನಂದ ಇತ್ತಪಾ. ಮಾಮಾ ಅಂದಿದ್ದ, ರೀಲ ಮುಗ್ಯಾಕ ಬಂದೈತಿ, ಲಗೂನ ಹತ್ತ ಇಂದೂ ಅಂತ.”

ಅಪ್ಪ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದ. ಸಾಮಾನ್ಯವಾಗಿ ಇಂಥ ಕಡೆ ಅವನಿಂದ ‘ಸುಳ್ಳು’ ಬರಬೇಕು. ಬರಲಿಲ್ಲ. “ಹೋಗ್ಲಿ ಬಿಡ್ರಿ, ಏನೈತಿ ಅದರಾಗ,” ಎಂದು ಪುಟ ತಿರುಗಿಸಿದ.

ಅವತ್ತಿನಿಂದ ಆತ್ಯಾ ಸೈಕಲ್ಲಿನ ಕಥೆ ಹೇಳುವುದನ್ನು ನಿಲ್ಲಿಸಿದಳು. ಮುಂದಿನ ಬೇಸಿಗೆಯಲ್ಲಿ ಕಲ್ಲಂಗಡಿ ಹೋಳು ಮಾಡಿ ಹಂಚಿ, ಸುಮ್ಮನೆ ಕೈ ತೊಳೆದುಕೊಂಡು ಎದ್ದು ಹೋದಳು. ಎಪ್ಪತ್ತರ ಹೆಂಗಸು, ಜೀವಮಾನದಲ್ಲಿ ಒಂದೇ ಒಂದು ದಿನದ ಬಗ್ಗೆ ಜಂಬ ಪಟ್ಟವಳು, ಅದನ್ನು ತನ್ನ ಕೈಯಿಂದಲೇ ಸುಟ್ಟೆ ಎಂದುಕೊಂಡಿದ್ದಾಳೆ. ಸುಡು ಎಂದು ಹೇಳಿದವಳು ನಾನು. ರಜೆ ಇತ್ತು, ಡಬ್ಬಿ ತೆಗೆದುಕೊಂಡು ಪುಣೆಗೆ ಹೊರಟೆ.

“ಈ ಬಿಸಲಾಗ ಪುಣೆಕ್ಕ ಯಾಕ ಹೋಗ್ತೀ?” ಎಂದು ಅಪ್ಪ ಮೂರು ಸಲ ಕೇಳಿದ. ವಯಸ್ಸಾದವನು, ಮಗಳ ಕಾಳಜಿ ಎಂದು ನಾನು ತಿಳಿದೆ. ಬಸ್ಸಿನಲ್ಲಿ ಡಬ್ಬಿ ನನ್ನ ತೊಡೆಯ ಮೇಲೆ. ಮೀರಜ ದಾಟುವುದರೊಳಗೆ ಪಕ್ಕದವಳು ಸೆರಗನ್ನು ಮೂಗಿಗೆ ಹಿಡಿದಿದ್ದಳು. ಹಿಂದಿನ ಸೀಟಿನ ಹಿರಿಯರೊಬ್ಬರು, “ಬಾಯಾರ, ಉಪ್ಪಿನಕಾಯಿ ಕೆಟ್ಟೈತ್ರಿ ನಿಮ್ದು, ಕಿಡಕಿಯಿಂದ ಒಗೀರಿ ಅತ್ಲಾಗ,” ಎಂದು ಕಳಕಳಿಯಿಂದ ಸಲಹೆ ಕೊಟ್ಟರು.

ಪುಣೆಯಲ್ಲಿ ಶಿವಾನಂದ ಆ ರೀಲನ್ನು ಕೂಡಲೇ ಮಷೀನಿಗೆ ಹಾಕಲಿಲ್ಲ. ಮೊದಲು ಬೇವಿನ ಎಲೆಯ ಚೂರುಗಳನ್ನು ಒಂದೊಂದಾಗಿ ಚಿಮಟಿಗೆಯಿಂದ ತೆಗೆದ. ಫಿಲ್ಮಿಗೆ ಅಂಟಿ ಗಟ್ಟಿಯಾಗಿದ್ದ ಒಂದು ಸಾಬೂದಾಣಿ ಕಾಳನ್ನೂ ಬಿಡಿಸಿ ನನ್ನ ಅಂಗೈಯಲ್ಲಿ ಇಟ್ಟ. ಅದು ಅಂಟಿದ್ದ ಜಾಗದಲ್ಲಿ ಕಲೆಯೊಂದು ಉಳಿಯಿತು. ಆಮೇಲೆ ಮುರುಟಿದ್ದು ಮೆತ್ತಗಾಗಲೆಂದು ಯಾವುದೋ ರಾಸಾಯನಿಕದ ಆವಿಯೊಡನೆ ಮುಚ್ಚಿದ ಡಬ್ಬಿಯಲ್ಲಿ ಹಲವು ದಿನ ಇಟ್ಟ. ಅಷ್ಟು ದಿನ ನಾನು ಅಲ್ಲಿಯೇ ಒಬ್ಬ ನೆಂಟರ ಮನೆಯಲ್ಲಿ ಕೂತು ಅವರಿಗೆ ಬೇಸರ ಬರಿಸಿದೆ.

ಸ್ಕ್ಯಾನರ್ ನೋಡಿದಾಗ ನನಗೆ ಬನಹಟ್ಟಿಯ ಮಗ್ಗವೇ ನೆನಪಾಯಿತು. ಈ ಕಡೆ ಒಂದು ಸುರುಳಿ, ಆ ಕಡೆ ಒಂದು ಸುರುಳಿ, ನಡುವೆ ಫಿಲ್ಮು ಮೆಲ್ಲಗೆ ಸಾಗುತ್ತದೆ. ಹಳೆಯ ಪ್ರೊಜೆಕ್ಟರಿಗೆ ಹಲ್ಲುಗಳಿರುತ್ತವೆ, ಅವು ಫಿಲ್ಮಿನ ಅಂಚಿನ ತೂತುಗಳಿಗೆ ಸಿಕ್ಕಿ ಅದನ್ನು ಎಳೆಯುತ್ತವೆ. ನಮ್ಮ ಫಿಲ್ಮು ಕುಗ್ಗಿ ತೂತುಗಳೆಲ್ಲ ಜಾಗ ಬಿಟ್ಟಿದ್ದವು. ಹಲ್ಲಿಗೆ ಕೊಟ್ಟಿದ್ದರೆ ಚೂರಾಗುತ್ತಿತ್ತು. ಈ ಮಷೀನಿಗೆ ಹಲ್ಲೇ ಇಲ್ಲ. ಮೆತ್ತನೆಯ ಉರುಳೆಗಳು ಫಿಲ್ಮನ್ನು ಸಾಗಿಸುತ್ತವೆ. ತೂತು ಎಲ್ಲಿದೆ ಎಂದು ಬೆಳಕಿನಲ್ಲೇ ನೋಡಿಕೊಂಡು ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ಫೋಟೋ ತೆಗೆಯುತ್ತದೆ. ಫೋಟೋ ತೆಗೆಯುವ ಕಡೆ ಫಿಲ್ಮು ಒಂದು ದ್ರವದಲ್ಲಿ ಮುಳುಗಿ ಹೋಗುತ್ತದೆ, ಆಗ ಗೀರುಗಳು ಕಾಣುವುದಿಲ್ಲ. ಬಚ್ಚಲು ಮನೆಯ ಕಿಟಕಿಯ ಒರಟು ಗಾಜಿಗೆ ನೀರು ಬಿದ್ದರೆ ಆಚೆಯದು ಕಾಣುತ್ತದಲ್ಲ, ಹಾಗೆ. ಇದು ನನಗೆ ಕೂಡಲೇ ತಿಳಿಯಿತು, ಸ್ವಲ್ಪ ಮಾನ ಉಳಿಯಿತು.

ಶಿವಾನಂದ ಎರಡು ಬೆರಳ ನಡುವೆ ಫಿಲ್ಮಿನ ಅಂಚು ಹಿಡಿದು, ಕಣ್ಣು ಬೇರೆ ಕಡೆ ಇಟ್ಟು ನಿಂತಿದ್ದ. “ನಮ್ಮಪ್ಪ ಎಳಿ ಹರಿಯೂಕಿಂತ ಮದ್ಲ ಮಗ್ಗಾ ನಿಂದ್ರಸ್ತಾನ್ರಿ ಅಕ್ಕೋರ,” ಎಂದ. “ಕೈಗೆ ಗೊತ್ತಾಗತೈತಿ. ಇದೂ ಹಂಗ.” ಹೊರಗಿನ ಆ ಐದಾರು ಮಾರು ಮಷೀನಿಗೆ ಬಂದಾಗ ಅವನು ಉರುಳೆಗಳ ವೇಗ ಇನ್ನೂ ಕಡಿಮೆ ಮಾಡಿದ. ಫಿಲ್ಮು ಹರಿಯಲಿಲ್ಲ. ಏನು ಬಂತು ಎಂದು ಕೇಳಿದರೆ, “ಸ್ವಚ್ಛ ಮಾಡಿ ನಾನ ತರತೇನ್ರಿ, ಅಜ್ಜಿನೂ ನೋಡ್ಲಿ, ಕೂಡೇ ನೋಡೂಣು,” ಎಂದುಬಿಟ್ಟ.

ಒಂದು ಭಾನುವಾರ ಮಧ್ಯಾಹ್ನ ಪೆನ್ ಡ್ರೈವ್ ತೆಗೆದುಕೊಂಡು ಬಂದ. ಐವತ್ತು ವರ್ಷದ ಜಗಳ ಅವನ ಅಂಗಿಯ ಕಿಸೆಯಲ್ಲಿ ಹಿಡಿಸಿತ್ತು. ಟಿವಿಗೆ ಸಿಗಿಸಿದ. ಆತ್ಯಾ ಮೊರದಲ್ಲಿ ಶೇಂಗಾ ಹಾಕಿಕೊಂಡು ಸುಲಿಯುತ್ತ ಕೂತಳು, ತನಗೇನೂ ಸಂಬಂಧವಿಲ್ಲದ ಹಾಗೆ. ಅಪ್ಪ ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡ.

ಕೃಷ್ಣೆ ಬಂದಳು. ಮಾತಿಲ್ಲದ ಕಪ್ಪು ಬಿಳುಪು ಕೃಷ್ಣೆ, ದಂಡೆಯಲ್ಲಿ ಎತ್ತಿನ ಮೈ ತೊಳೆಯುವವರು. ನಮ್ಮ ತಲಬಾಗಿಲು, ಅದೇ ಚೌಕಟ್ಟು, ಅದರೊಳಗಿಂದ ಇಣುಕಿ ಸೆರಗು ಮುಖಕ್ಕೆ ಎಳೆದುಕೊಂಡ ಅಜ್ಜಿ. ಕಟ್ಟೆಯ ಮೇಲೆ ಕೋಲಿನ ಹಾಗೆ ಕೂತ ಅಜ್ಜ. ಮತ್ತೆ ಹೊಳೆ. ಇದ್ದಕ್ಕಿದ್ದಂತೆ ಹಗಲು ಆಕಾಶದಲ್ಲಿ ದುಂಡನೆಯ ದೊಡ್ಡ ಚಂದ್ರನೊಬ್ಬ ಕಂಡು ಮಾಯವಾದ.

“ಅದೇನೋ ಅದು?” ಎಂದ ಅಪ್ಪ.

“ಅದು ಸಾಬೂದಾಣ್ರಿ,” ಎಂದ ಶಿವಾನಂದ.

ಎಲ್ಲರೂ ನಕ್ಕೆವು. ಆತ್ಯಾಳೂ ನಕ್ಕಳು. ನಗು ಮುಗಿಯುವುದರೊಳಗೆ ಚಿತ್ರ ಅಲುಗಾಡತೊಡಗಿತು, ಅಂಚಿನಿಂದ ಬಿಳಿ ಗುಳ್ಳೆಗಳು ಏಳತೊಡಗಿದವು. ಬಿಸಿಲಿಗೆ ಹಾಕಿದ ಭಾಗ ಶುರುವಾಗಿತ್ತು. ಆ ಗುಳ್ಳೆಗಳ ನಡುವಿನಿಂದ ಒಂದು ಗಾಲಿ ಬಂತು. ಗಾಲಿಯ ಹಿಂದೆ ಹ್ಯಾಂಡಲ್ಲು, ಹ್ಯಾಂಡಲ್ಲಿನ ಹಿಂದೆ ಎರಡು ಜಡೆ, ಹಲ್ಲು ಕಚ್ಚಿದ ಹದಿನೇಳರ ಮುಖ.

ಶೇಂಗಾ ಸುಲಿಯುವ ಕೈ ನಿಂತಿತು. ನಾನು ಚೀರಿದೆ. ಎದ್ದು ಆತ್ಯಾಳನ್ನು ಅಪ್ಪಿಕೊಂಡೆ. ಟ್ರಿಣ್ ಟ್ರಿಣ್ ಎಂದಿದ್ದಕ್ಕೆಲ್ಲ ತಪ್ಪಾಯಿತು ಎಂದೆ. ಶಿವಾನಂದ ಮಾತ್ರ ಟಿವಿಯನ್ನೇ ನೋಡುತ್ತಿದ್ದ.

“ಹಿಂದ ಓಡಾಕತ್ತಾರಲ್ಲ, ಅವರ್‍ಯಾರ್ರೀ?”

ಸೈಕಲ್ಲಿನ ಕ್ಯಾರಿಯರ್ ಹಿಡಿದುಕೊಂಡು, ಧೋತರ ಮೇಲಕ್ಕೆ ಕಟ್ಟಿ, ಬಾಯಿ ತೆರೆದು ಓಡುತ್ತಿರುವ ಒಬ್ಬ ತೆಳ್ಳನೆಯ ಹುಡುಗ. ಹೊರಗೆ ಚಾಚಿದ ಆ ಕಿವಿಗಳನ್ನು ಮರೆಯುವ ಹಾಗಿಲ್ಲ. ಎಲ್ಲರೂ ಬಾಗಿಲ ಕಡೆ ತಿರುಗಿದೆವು. ಅಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದ.

“ಮಡ್‌ಗಾರ್ಡ್ ಬಗ್ಗಿತ್ತು,” ಎಂದ ಮೆಲ್ಲಗೆ. “ಆಕಿ ಕಡೀಕ ಬೇವಿನ ಗಿಡಕ್ಕ ಹೋಗಿ ಹಾಯ್ದಿದ್ಲು. ಅಪ್ಪಾ ಬಂದು ಯಾರ ಕೆಲಸಾ ಇದು ಅಂತ ಬಾರಕೋಲ ತಗೊಂಡ. ನಂದು ಅಂದೆ. ಇಂದೂ ಮುಟ್ಟಿಲ್ಲೇನು ಅಂದ. ಮುಟ್ಟಿಲ್ಲ ಅಂತ ದೇವರ ಜಗಲಿ ಮುಟ್ಟಿ ಆಣಿ ಮಾಡಿದೆ. ಜಗಲಿ ಮುಟ್ಟಿ ಹೇಳಿದ ಮ್ಯಾಲ ಮತ್ತ ಹೆಂಗ ತಿರಗಸ್ಲಿ?”

ಪ್ರೊಜೆಕ್ಟರಿನ ಬಲ್ಬು ಯಾಕೆ ಪದೇ ಪದೇ ಸುಡುತ್ತಿತ್ತು, ಆ ಮಾಸ್ತರರಿಗೆ ಯಾಕೆ ಅಷ್ಟು ರಜೆ ಎಂಬುದೆಲ್ಲ ನನಗೆ ಆಗ ತಿಳಿಯಿತು. ಆತ್ಯಾಗೆ ಸಂತೋಷವಾಗಬೇಕಿತ್ತು. ಅವಳ ಮುಖ ಸಣ್ಣದಾಗಿತ್ತು.

“ಹಂಗಾರ ನೀ ಹಿಡಕೊಂಡಿದ್ದಿ,” ಎಂದಳು. “ನಾ ಹಿಂದ ತಿರಗಿ ನೋಡ್ಲೇ ಇಲ್ಲ. ಒಬ್ಬಾಕೀನ ಹೊಡದೆ ಅಂತ ಇಷ್ಟ ವರ್ಷ ಹೇಳಕೋತ ಬಂದೆ. ನೀ ಅಂದದ್ದ ಖರೆ ಆತಲ್ಲಣ್ಣಾ.”

ಅಪ್ಪ ಕುರ್ಚಿಯಿಂದ ಎದ್ದುಬಿಟ್ಟ. ಮೊಣಕಾಲು ನೋವೆಂದು ಊಟಕ್ಕೂ ಕೈ ಹಿಡಿದು ಏಳಿಸಿಕೊಳ್ಳುವವನು ನಾಲ್ಕು ಹೆಜ್ಜೆಗೆ ಟಿವಿಯ ಮುಂದೆ ಬಂದ.

“ಬಿಟ್ಟಿದ್ದೆ ಇಂದೂ! ಬಾಂವಿ ಕಟ್ಟಿ ದಾಟಿದ ಮ್ಯಾಲ ಬಿಟ್ಟಿದ್ದೆ. ಏ ಶಿವಾನಂದ, ಮುಂದಿಂದ ಹಾಕು!”

“ಮುಂದ ಬಹಳ ಹಾಳಾಗೇತ್ರಿ ಅಜ್ಜಾ. ಒರಸಿದಲ್ಲೆ ಚಿತ್ರ ಕಿತ್ತ ಬಂದೈತಿ.”

“ಇದ್ದಷ್ಟ ಹಾಕೋ. ಒಂದೊಂದ ಹಾಕು.”

ಶಿವಾನಂದ ಒಂದೊಂದೇ ಚಿತ್ರ ಸರಿಸತೊಡಗಿದ. ಬಿಳಿ ಗುಳ್ಳೆ. ಬಿರುಕು. ಬರೀ ಬಿಳಿ. ಐವತ್ತು ವರ್ಷ ಸುಳ್ಳು ಸುಳ್ಳು ಎಂದವನು ಈಗ ಟಿವಿಯ ಗಾಜಿಗೆ ಮೂಗು ಹಚ್ಚಿ, ತಂಗಿಯ ಸತ್ಯಕ್ಕಾಗಿ ಹುಡುಕುತ್ತಿದ್ದ. ಮತ್ತೊಂದು ಬಿಳಿ. ಮತ್ತೊಂದು. ನನಗೆ ಆ ಮೇ ತಿಂಗಳ ಹಗ್ಗ, ಚಿಮಟ, ನನ್ನ ಗಂಭೀರವಾದ ಮೂಗು ಎಲ್ಲ ಕಣ್ಣಿಗೆ ಕಟ್ಟಿ, ನೆಲ ಬಾಯಿ ಬಿಡಬಾರದೇ ಎನ್ನಿಸಿತು.

“ನಿಂದ್ರು!” ಎಂದ ಅಪ್ಪ.

ಸುತ್ತ ಎಲ್ಲ ಕಿತ್ತು ಹೋಗಿ ನಡುವೆ ಒಂದಿಷ್ಟು ಉಳಿದಿತ್ತು. ಎಡಗಡೆ ಸೈಕಲ್ಲಿನ ಹಿಂದಿನ ಗಾಲಿ, ಹಾರುತ್ತಿರುವ ಸೆರಗಿನ ತುದಿ. ಬಲಗಡೆ ದಾರಿಯ ನಡುವೆ ನಿಂತ ಅಪ್ಪ. ಎರಡೂ ಕೈ ತಲೆಯ ಮೇಲೆ ಎತ್ತಿದ್ದ. ಕೈಯಲ್ಲಿ ಏನೂ ಇರಲಿಲ್ಲ.

ಆತ್ಯಾ ಎದ್ದಳು. ಮಡಿಲಿನ ಶೇಂಗಾ ಸಿಪ್ಪೆ ನೆಲಕ್ಕೆ ಬಿತ್ತು. ಟಿವಿಯ ಹತ್ತಿರ ಹೋಗಿ ಗಾಲಿಗೂ ಅಪ್ಪನಿಗೂ ನಡುವೆ ಬೆರಳು ಇಟ್ಟು ಅಳೆದಳು. “ಮೂರ ಬೆರಳ,” ಎಂದಳು. ಮತ್ತೊಮ್ಮೆ ಅಳೆದಳು. “ನೋಡ ಶೈಲಾ, ಮೂರ ಬೆರಳ ದೂರ ಒಬ್ಬಾಕೀನ ಹೋಗೇನಿ.” ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಆ ಒಂದು ಚಿತ್ರವನ್ನು ಸಂಜೆಯವರೆಗೆ ಟಿವಿಯಲ್ಲಿ ಹಾಗೇ ಬಿಟ್ಟಿದ್ದೆವು. ಓಣಿಯವರೆಲ್ಲ ಬಂದು ನೋಡಿ ಚಹಾ ಕುಡಿದು ಹೋದರು. ಎಲ್ಲರೂ ಹೋದ ಮೇಲೆ ಅಂಗಳದಲ್ಲಿ ಟ್ರಿಣ್ ಟ್ರಿಣ್ ಎಂದು ಗಂಟೆ ಕೇಳಿಸಿತು. ಹೊರಗೆ ಬಂದು ನೋಡಿದರೆ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ನನ್ನ ಮಗಳ ಸೈಕಲ್ಲಿನ ಮೇಲೆ ಇಂದೂ ಆತ್ಯಾ, ಸೀರೆ ಎತ್ತಿ ಕಟ್ಟಿ ಕೂತಿದ್ದಾಳೆ. ಅಪ್ಪ ಮೊಣಕಾಲು ಒತ್ತಿಕೊಳ್ಳುತ್ತ ಮೆಟ್ಟಿಲಿಳಿದು ಹೋಗಿ ಅವಳ ಹಿಂದೆ ನಿಂತ.

“ಅಣ್ಣಾ, ಹಿಡಕೊಂಡೀಯೇನ?” ತಿರುಗಿ ನೋಡದೆ ಕೇಳಿದಳು.

“ಹಿಡಕೊಂಡೇನಿ.”

“ಈ ಸರ್ತಿ ಬಿಡಬ್ಯಾಡ.”

ಅಪ್ಪ ಕ್ಯಾರಿಯರನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.